ಸೈನಿಕನ ಎರಡನೇ ಕಣ್ಣು

ವೈಕುಂಠ ಸಮಾರಾಧನೆ ಮುಗಿದ ಮರುದಿನ ಬೆಳಿಗ್ಗೆ, ತೀರಿಹೋದ ಗಂಡ ಕಶ್ಯಪ ಎರವಲು ತಂದಿದ್ದ ಬ್ರಷ್ ಹಿಡಿದು ಅಪೇಕ್ಷಾ ಕುಳಿತಿದ್ದಳು. ಎದುರಿಗೆ ಅವನು ಬಣ್ಣ ಹಚ್ಚುತ್ತಿದ್ದ ಹೆಬ್ಬೆರಳುದ್ದದ ಸೈನಿಕನ ಗೊಂಬೆ. ಒಂದು ಕಣ್ಣಿಗೆ ಮಾತ್ರ ಪಾಪೆಯಿತ್ತು. ಕಶ್ಯಪನಿಗೆ ಈ ಕೆಲಸ ಕಲಿಸಿದ್ದ ಜಯೇಶ್ ತಮ್ಮ ಬ್ರಷ್ ಒಯ್ಯಲು ಘಣಸೋಲಿಯಿಂದ ಬಂದಿದ್ದರು.

“ಕೊಡಿ, ನಾನು ಹಾಕ್ತೇನೆ. ನಿಮ್ಮ ಕೈ ತಪ್ಪಿದ್ರೆ ಅವನು ಮಾಡಿದ ಮುಖವೇ ಹಾಳಾಗ್ತದೆ.”

“ಬೇಡ ಜಯೇಶಣ್ಣ. ಹೇಗೇಂತ ಮಾತ್ರ ಹೇಳಿ.”

“ಮೊದಲು ತುದಿ ಚೂಪಾಗ್ಬೇಕು. ನಾವು ತುಟಿಯಲ್ಲಿ ಒತ್ತಿ ಮಾಡೋದು. ನಿಮಗೆ ಎಂಜಲು ಆಗುದಿಲ್ಲಲ್ಲ? ನಿಮ್ಮ ಬೈಗುಳಕ್ಕೆ ಹೆದರಿ ಅವ ಬಾಲ್ಕನಿಗೆ ಹೋಗಿ ಕದ್ದು ನೆಕ್ತಿದ್ದ.”

ಅಪೇಕ್ಷಾ ಬ್ರಷ್ಷಿನ ತುದಿಯನ್ನು ತುಟಿಗಳ ನಡುವೆ ಇಟ್ಟು ಮೆಲ್ಲಗೆ ತಿರುಗಿಸಿದಳು. ಕಪ್ಪು ಬಣ್ಣ ಮುಟ್ಟಿಸಿ, ಜಯೇಶ್ ತೋರಿಸಿದಂತೆ ಎರಡೂ ಮಣಿಕಟ್ಟುಗಳನ್ನು ಒಂದಕ್ಕೊಂದು ಆನಿಸಿದಳು. ತುದಿಯನ್ನು ಖಾಲಿ ಕಣ್ಣಿನ ಹತ್ತಿರ ತಂದಳು. ಅವಳು ಕಾದಳು. ಉಸಿರು ಪೂರ್ತಿ ಬಿಟ್ಟು, ಮುಂದಿನದು ಬರುವ ಮೊದಲು ಒಮ್ಮೆ ತಾಗಿಸಿದಳು.

ಸೈನಿಕನ ಎರಡೂ ಕಣ್ಣುಗಳು ಒಂದೇ ಕಡೆ ನೋಡಿದವು.

“ಬಂತು,” ಎಂದು ಜಯೇಶ್ ಕೈ ಚಾಚಿದರು. ಅವಳು ಬ್ರಷ್ಷನ್ನು ನೀರಲ್ಲಿ ತೊಳೆದಳು. ಇನ್ನೊಮ್ಮೆ ತುಟಿಗಿಟ್ಟು ತುದಿ ಮಾಡಿ, ಒರೆಸದೆ ಹಾಗೆಯೇ ಅವರ ಕೈಗೆ ಕೊಟ್ಟಳು.