ಪಿಸುಮಾತಿನ ಪಕ್ಷ

"ಆ ಪದ ಬಾಯಿಗೆ ತರಬೇಡ ಕಣಮ್ಮ!" ತಿಮ್ಮಪ್ಪ ಮೇಜಿನ ಮೇಲೆ ಬಾಗಿ ಮಗಳಿಗೆ ಪಿಸುಗುಟ್ಟಿದರು. "ಗಾಂಜಾ ಅಂದ್ರೆ ಮಲಯ ಭಾಷೇಲೂ ಗಾಂಜಾನೇ. ಕೇಳಿಸ್ಕೊಂಡೋರಿಗೆ ಅರ್ಥ ಹೇಳೋದೂ ಬೇಕಾಗಿಲ್ಲ."

ಮಲಯ ನಾಡಿನ ಸೈಬರ್‌ಜಯಾದಲ್ಲಿ, ತಮಿಳು ಮುಸ್ಲಿಮರು ನಡೆಸುವ ಮಾಮಕ್ ಹೋಟೆಲಿನಲ್ಲಿ ಭಾನುವಾರದ ರೋಟಿ ಚನಾಯ್ ಮುಗಿದು ಟೀ ಬಂದಿತ್ತು. ಗಾಂಜಾಕ್ಕೆ ಬಾಗಿಲು ತೆರೆದಿದ್ದ ಪಕ್ಕದ ಥಾಯ್ಲೆಂಡಿನಲ್ಲಿ ಈಗ ಅದನ್ನು ಮತ್ತೆ ಮುಚ್ಚುವುದು ಸರಿಯೇ ಎಂಬ ಜಗಳ. ಅದೇ ವಿಷಯ ಮಗಳು ಗಾನವಿ ಓದುವ ನಿಲಾಯ್ ಊರಿನ ಕಾಲೇಜಿನ ಚರ್ಚಾಸ್ಪರ್ಧೆಯ ಫೈನಲ್‌ಗೂ ಬಂದಿತ್ತು. ಚೀಟಿ ಎತ್ತಿದಾಗ ಅವಳ ಪಾಲಿಗೆ ಬಂದದ್ದು 'ಮುಚ್ಚಬಾರದು' ಎನ್ನುವ ಪಕ್ಷ. ಅಂದಿನಿಂದ ಅಪ್ಪನಿಗೆ ನೆಮ್ಮದಿಯಿಲ್ಲ. ಆ ಸೊಪ್ಪಿನ ಹೆಸರೆತ್ತಿದರೆ ಪೊಲೀಸು, ಜೈಲು ಎನ್ನುವ ದೇಶದಲ್ಲಿ ನಿಂತು ಮಗಳು ಅದರ ಪರ ಮಾತಾಡುವುದೇ? ಯಾರಾದರೂ ಒಂದು ತುಣುಕು ವಿಡಿಯೋ ಹರಿಬಿಟ್ಟರೆ ಅವಳ ಓದಿನ ವೀಸಾಕ್ಕೂ ತಮ್ಮ ಕೆಲಸದ ವೀಸಾಕ್ಕೂ ಒಟ್ಟಿಗೇ ಕುತ್ತು. ಹೆಸರು ವಾಪಸ್ ತೆಗೆದುಕೋ ಎಂದು ಹೇಳಲಿಕ್ಕೇ ಇವತ್ತು ಅವಳನ್ನು ಇಲ್ಲಿಗೆ ಕರೆತಂದಿದ್ದರು.

ಗಾನವಿಗೆ ಕನ್ನಡ ಚೆನ್ನಾಗಿ ತಿಳಿಯುತ್ತದೆ. ಉತ್ತರ ಮಾತ್ರ ಮಾತು ಕಲಿತಾಗಿನಿಂದ ಇಂಗ್ಲಿಷಿನಲ್ಲೇ. "ಓಕೆ ಅಪ್ಪ, ಡೀಲ್. ನನ್ನನ್ನು ವಾದದಲ್ಲಿ ಸೋಲಿಸಿ. ಐ ವಿಲ್ ವಿತ್‌ಡ್ರಾ" ಎಂದಳು. ನಡುವೆ ಒಂದು ವಾಕ್ಯ ಕನ್ನಡ ತಂದದ್ದೇ ಅಪ್ಪನಿಗೆ ಬೆಣ್ಣೆ ಹಚ್ಚಲಿಕ್ಕೆ.

ತಿಮ್ಮಪ್ಪ ಒಪ್ಪಿದರು. ಹದಿನೆಂಟರ ಹುಡುಗಿಯನ್ನು ವಾದದಲ್ಲಿ ಸೋಲಿಸುವುದು ಏನು ಮಹಾ ಎಂಬ ಧೈರ್ಯ ಅವರದು. ಒಂದೇ ಷರತ್ತು: ಆ ಪದ ಬರುವಲ್ಲೆಲ್ಲ 'ಸೊಪ್ಪು' ಎನ್ನಬೇಕು. ಪಕ್ಕದ ಮೇಜಿನಲ್ಲಿ, ಪುತ್ರಜಯಾದ ಯಾವುದೋ ಇಲಾಖೆಯ ಗುರುತಿನ ಚೀಟಿಯನ್ನು ರಜೆಯ ದಿನವೂ ಕೊರಳಿಂದ ತೆಗೆಯದ ಮಲಯ ಅಧಿಕಾರಿಯೊಬ್ಬರು ಕೂತಿದ್ದರು. ಅವರನ್ನು ಕಂಡಾಗಿನಿಂದ ತಿಮ್ಮಪ್ಪನವರ ದನಿ ಗಂಟಲಿನಿಂದ ಮೇಲೆ ಬಂದಿರಲಿಲ್ಲ.

"ಸೊಪ್ಪು ಮಾರೋಕೆ ಬಿಟ್ರೆ ನಾಳೆ ಸ್ಕೂಲ್ ಮಕ್ಕಳ ಕೈಗೂ ಸೊಪ್ಪು ಸಿಗುತ್ತೆ" ಎಂದು ಶುರು ಮಾಡಿದರು. ಲೋಟ ಎತ್ತಲು ಬಂದ ತಮಿಳು ಹುಡುಗ "ಸೋಪ್ಪು ಅಂಗೆ, ಅಣ್ಣೇ" ಎಂದು ಕೈತೊಳೆಯುವ ತೊಟ್ಟಿಯ ಬಳಿ ಇದ್ದ ಸೋಪನ್ನು ತೋರಿಸಿ ಹೋದ. ಗಾನವಿ ನಗು ತಡೆಯಲಾರದೆ ಟೀ ಚೆಲ್ಲಿಕೊಂಡಳು. ಆಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತು, ವೇದಿಕೆಯ ಮೇಲಿದ್ದಾಳೋ ಎಂಬಂತೆ ಇಂಗ್ಲಿಷಿನಲ್ಲಿ ಸುರಿಮಳೆ ಸುರಿಸಿದಳು. ಬೆಳೆಯಿರಿ ಎಂದದ್ದು ಸರ್ಕಾರವೇ. ನಂಬಿ ಬೆಳೆದ ರೈತ, ಲೈಸೆನ್ಸ್ ಪಡೆದು ಅಂಗಡಿ ತೆರೆದ ಹೆಂಗಸು ನಿನ್ನೆ ಕಾನೂನು ಪಾಲಿಸಿದವರು. ಇವತ್ತು ಅವರು ಕಳ್ಳರೇ? ಮಕ್ಕಳಿಗೆ ಸಿಗದಂತೆ ನಿಯಮ ಮಾಡಿ, ಬಾಗಿಲನ್ನೇ ಯಾಕೆ ಮುಚ್ಚುತ್ತೀರಿ?

ಎಂಥ ಮಾತಾಡುತ್ತಾಳೆ ಇವಳು ಎಂದು ತಿಮ್ಮಪ್ಪನವರಿಗೆ ಒಳಗೊಳಗೇ ಹೆಮ್ಮೆ. ಆದರೂ ಅವಳ ಒಂದೊಂದು ಮಾತಿಗೂ ಬಾಗಿ, ಬಾಯಿಗೆ ಕೈ ಅಡ್ಡ ಹಿಡಿದು, ಕನ್ನಡದಲ್ಲಿ ಸೊಪ್ಪು ಸೊಪ್ಪು ಎಂದು ಪಿಸುಗುಟ್ಟುತ್ತಲೇ ಇದ್ದರು. ಇಷ್ಟು ವರ್ಷ ಮಗಳ ಇಂಗ್ಲಿಷ್ ಕೇಳಿ ಕೇಳಿ ಅದೂ ಅವರ ಕಿವಿಗೆ ಮನೆಮಾತೇ ಆಗಿಬಿಟ್ಟಿತ್ತು. ಅದು ಹೋಟೆಲಿಗೆಲ್ಲ ಅರ್ಥವಾಗುತ್ತದೆ ಎಂಬುದು ತಲೆಗೆ ಹೊಳೆಯಲೇ ಇಲ್ಲ.

ಪಕ್ಕದ ಮೇಜಿನ ಅಧಿಕಾರಿ ಎದ್ದು ನೇರವಾಗಿ ಇವರ ಹತ್ತಿರವೇ ಬಂದರು. ತಿಮ್ಮಪ್ಪ ಬಾಯಿಗೆ ಅಡ್ಡ ಹಿಡಿದ ಕೈಯನ್ನು ಇನ್ನೂ ಗಟ್ಟಿಯಾಗಿ ಒತ್ತಿಕೊಂಡರು.

"ಡಿಬೇಟ್ ಪ್ರಾಕ್ಟೀಸ್, ಯಾ?" ಎಂದು ಅವರು ಗಾನವಿಯನ್ನು ಕೇಳಿದರು. ಅವಳು ಹೌದೆಂದಳು. ಅವರು ತಿಮ್ಮಪ್ಪನವರತ್ತ ತಿರುಗಿ ಇಂಗ್ಲಿಷಿನಲ್ಲೇ ಹೇಳಿದರು: "ನಿಮ್ಮ ಮಗಳ ವಾದ ಪೂರ್ತಿ ಕೇಳಿದೆ. ನಾನು ಒಪ್ಪುವುದಿಲ್ಲ, ಆದರೆ ಚೆನ್ನಾಗಿದೆ. ಪಿಸುಗುಡುತ್ತಿದ್ದವರು ನೀವು. ನಿಮ್ಮದು ಯಾವ ಪಕ್ಷ?"

"ಕಾನೂನಿನ ಪಕ್ಷ ಸರ್! ಮುಚ್ಚಬೇಕು ಅನ್ನೋ ಪಕ್ಷ!" ಎಂದರು ತಿಮ್ಮಪ್ಪ, ಕೈಯ ಮರೆಯಿಂದಲೇ.

"ಹಾಗಾದರೆ ಜೋರಾಗಿ ಹೇಳಿ ಲಾ" ಎಂದು ಅವರು ಮಲಯ ಧಾಟಿಯಲ್ಲಿ ರಾಗ ಎಳೆದು ನಕ್ಕು, ಕುರ್ಚಿ ಎಳೆದುಕೊಂಡು ಕೂತರು.

ಇಪ್ಪತ್ತು ವರ್ಷದ ಸಾಫ್ಟ್‌ವೇರ್ ಕೆಲಸದಲ್ಲಿ ಸಾವಿರ ಮೀಟಿಂಗ್ ನಡೆಸಿದ ಮನುಷ್ಯ ತಿಮ್ಮಪ್ಪ. ಒಮ್ಮೆ ಬಾಯಿಂದ ಕೈ ತೆಗೆದ ಮೇಲೆ ಇಂಗ್ಲಿಷಿನಲ್ಲಿ ಮಾತು ತಾನಾಗಿ ಬಂತು. "ನೋಡಿ, ನಾವು ಹೊಸ ವರ್ಷನ್ ಬಿಡ್ತೀವಿ. ಬಳಸೋರಿಗೆ ತೊಂದರೆ ಅಂತ ಕಂಪ್ಲೇಂಟ್ ಬರುತ್ತೆ. ಆಗ ಅದನ್ನ ಓಡೋಕೆ ಬಿಟ್ಟು ರಿಪೇರಿ ಮಾಡ್ತಾ ಕೂರಲ್ಲ. ಮೊದಲು ರೋಲ್‌ಬ್ಯಾಕ್. ಹಳೇದಕ್ಕೆ ವಾಪಸ್. ಆಮೇಲೆ ತಣ್ಣಗೆ ಕೂತು ಸರಿ ಮಾಡ್ತೀವಿ. ರೋಲ್‌ಬ್ಯಾಕ್ ಅಂದ್ರೆ ಪ್ರೋಗ್ರಾಂ ಬರೆದ ಹುಡುಗನಿಗೆ ಶಿಕ್ಷೆ ಅಲ್ಲ, ಅವನನ್ನ ಯಾರೂ ಕಳ್ಳ ಅನ್ನಲ್ಲ. ನಷ್ಟ ಆದ್ರೆ ಕಂಪನಿ ತುಂಬಿಕೊಡುತ್ತೆ. ಥಾಯ್ಲೆಂಡ್ ಸರ್ಕಾರನೂ ರೈತನಿಗೆ ತುಂಬಿಕೊಡಲಿ. ಆದ್ರೆ ಗಾಂಜಾ ಮೊದಲು ನಿಲ್ಲಲಿ!"

ಆ ಪದ ಹೇಳಿದ ಮೇಲೆ ಅವರಿಗೇ ಕೇಳಿಸಿತು, ಇಡೀ ಹೋಟೆಲಿಗೂ ಕೇಳಿಸಿತು. ಎಲ್ಲರೂ ತಮ್ಮ ತಮ್ಮ ರೋಟಿ ತಿನ್ನುತ್ತಲೇ ಇದ್ದರು. ಅಧಿಕಾರಿ ಮೇಜು ತಟ್ಟಿ "ಬಾಗುಸ್, ಬಾಗುಸ್" ಎಂದು ಮೆಚ್ಚಿ, ಕೈಕುಲುಕಿ ಹೊರಟುಹೋದರು.

ಗಾನವಿ ಟೀ ಲೋಟ ಪಕ್ಕಕ್ಕೆ ಸರಿಸಿದಳು. "ಫಾರ್ ದಿಸ್... ಐ ಹ್ಯಾವ್ ನೋ ಆನ್ಸರ್, ಅಪ್ಪ. ಯು ವಿನ್." ಕಣ್ಣಲ್ಲಿ ನೀರು ತುಂಬಿತ್ತು, ಆದರೂ ಮಾತಿಗೆ ತಪ್ಪುವ ಹುಡುಗಿಯಲ್ಲ. ಸ್ಪರ್ಧೆಯಿಂದ ಹೆಸರು ತೆಗೆಯಿರೆಂದು ಹೇಳಲು ಫೋನ್ ಕೈಗೆತ್ತಿಕೊಂಡಳು.

ತಿಮ್ಮಪ್ಪ ಆ ಫೋನನ್ನು ಕಿತ್ತುಕೊಂಡು ಮಗುಚಿ ಇಟ್ಟರು. "ಉತ್ತರ ಹುಡುಕೇ! ಫೈನಲ್ಲಲ್ಲಿ ಎದುರು ಪಕ್ಷದವರು ಇದನ್ನೇ ಕೇಳ್ತಾರೆ."