ಎತ್ತಿದ ಮುಷ್ಟಿ

ಗುಂಪು ಸವಾರಿಗೆ ಹೊರಟ ಸೈಕಲ್ ಸಾಲಿನ ಮುಂದಿದ್ದ ನರ್ಸಮ್ಮ ಥಟ್ಟನೆ ಮುಷ್ಟಿ ಎತ್ತಿದಳು. “ನಿಲ್ಲೀ!” ಎಂಬ ಕೂಗು ಬಾಯಿಂದ ಬಾಯಿಗೆ ಹಿಂದಕ್ಕೆ ಹೋಗಿ, ಇಪ್ಪತ್ತು ಸೈಕಲ್‌ಗಳೂ ಗಕ್ಕನೆ ನಿಂತವು. ಅವಳ ಬೆನ್ನಿಗೇ ಇದ್ದ ಬೇಕರಿಯವನು ವಾಚು ನೋಡಿ ಹಲ್ಲು ಕಡಿದ. ಈ ದಾರಿಯಲ್ಲಿ ಅವನ ಹಳೆಯ ವೇಗದ ದಾಖಲೆ ಇನ್ನೇನು ಮುರಿಯುವುದರಲ್ಲಿತ್ತು.

ರಸ್ತೆ ದಾಟುತ್ತಿದ್ದ ಅಜ್ಜಿ ಬಿಳಿ ಪಟ್ಟೆಗಳ ನಡುವೆಯೇ ಕೋಲೂರಿ ನಿಂತಳು. “ಯಾಕಮ್ಮ, ನನಗೇ ಗುದ್ದು ತೋರಿಸ್ತೀಯಾ?”

“ಅಯ್ಯೋ, ನಿಮಗಲ್ಲ ಅಜ್ಜಿ! ಮುಷ್ಟಿ ಎತ್ತಿದ್ರೆ ಹಿಂದಿರೋರು ನಿಲ್ಲಬೇಕು ಅಂತ. ನೀವು ನಿಧಾನಕ್ಕೆ ದಾಟಿ.”

ಅಜ್ಜಿ ಹೆಜ್ಜೆ ಮೇಲೆ ಹೆಜ್ಜೆಯಿಟ್ಟು ಆಚೆ ಸೇರಿದಳು. ತಿರುಗಿ, ಬೊಚ್ಚುಬಾಯಿ ತುಂಬ ನಗುತ್ತಾ ತಾನೂ ಮುಷ್ಟಿ ಎತ್ತಿದಳು. ನರ್ಸಮ್ಮ ಕದಲಲಿಲ್ಲ. ನರ್ಸಮ್ಮನನ್ನೇ ನೋಡುತ್ತಿದ್ದ ಬೇಕರಿಯವನು ಪೆಡಲ್ ಮೇಲಿಟ್ಟ ಕಾಲನ್ನು ಮತ್ತೆ ನೆಲಕ್ಕೂರಿ, ಹಿಂದಕ್ಕೆ ಕೂಗಿದ: “ತಡೀರಪ್ಪಾ, ಅಜ್ಜಿ ಇನ್ನೂ ಮುಷ್ಟಿ ಬಿಚ್ಚಿಲ್ಲ!”