ಬಸವೇಶನ ಖಾಲಿ ಡಬ್ಬಿಗಳು

"ನೀವು ಮಾತ್ರೆ ನುಂಗ್ತಾ ಇಲ್ಲ," ಎಂದರು ವನಮಾಲಾ.

ಬಸವೇಶ್ ಖಾಲಿ ಡಬ್ಬಿಯನ್ನು ಮೇಜಿನ ಮೇಲಿಟ್ಟ. ಪ್ರತಿ ತಿಂಗಳೂ ಇಡುತ್ತಿದ್ದ. ಮೂವತ್ತು ಮಾತ್ರೆ, ಮೂವತ್ತು ದಿನ, ಒಂದೂ ಉಳಿದಿಲ್ಲ. ಕೊಪ್ಪದ ಎಚ್‌ಐವಿ ಚಿಕಿತ್ಸಾ ಕೇಂದ್ರದಲ್ಲಿ ರೋಗಿಗಳಿಗೆ ಬುದ್ಧಿ ಹೇಳುತ್ತಾ ಹನ್ನೆರಡು ವರ್ಷ ಕಳೆದ ವನಮಾಲಾಗೆ ಖಾಲಿ ಡಬ್ಬಿ ಕಂಡರೆ ಅನುಮಾನವೇ ಹೆಚ್ಚು. ಮಾತ್ರೆ ಹೊಟ್ಟೆಗೂ ಹೋಗಿರಬಹುದು, ಭದ್ರಾ ಹೊಳೆಗೂ ಹೋಗಿರಬಹುದು.

"ದೇವರಾಣೆ ಮೇಡಂ, ದಿನಾ ಬೆಳಿಗ್ಗೆ ನುಂಗ್ತೀನಿ. ಬೇಕಾದ್ರೆ ಇವಳನ್ನೇ ಕೇಳಿ."

"ನನ್ನೆದುರಿಗೇ ನುಂಗ್ತಾರೆ," ಎಂದಳು ಪಕ್ಕದಲ್ಲಿದ್ದ ಹೆಂಡತಿ ದೀಕ್ಷಾ. "ನೀರು ಕೊಡೋದು ನಾನೇ."

ಬಾಳೆಹೊನ್ನೂರಿನಲ್ಲಿ ಚಪ್ಪಲಿ ಅಂಗಡಿ ಇಟ್ಟಿದ್ದ ಬಸವೇಶನ ರಕ್ತದಲ್ಲಿ ವೈರಸ್ ಎರಡು ವರ್ಷ ತೆಪ್ಪಗಿತ್ತು. ಈ ವರ್ಷ ತಲೆ ಎತ್ತಿತು. ಮೂರು ತಿಂಗಳು ಬುದ್ಧಿ ಹೇಳಿ ಮತ್ತೆ ಪರೀಕ್ಷಿಸಿದರೆ ಇನ್ನೂ ಹೆಚ್ಚಾಗಿತ್ತು. ಅದು ಮದ್ದಿಗೆ ಜಗ್ಗದ ಹಾಗೆ ಬದಲಾಗಿದೆಯೇ ಎಂದು ನೋಡಲು ರಕ್ತ ಬೆಂಗಳೂರಿನ ಲ್ಯಾಬಿಗೆ ಹೋಯಿತು. ಬದಲಾಗಿದ್ದರೆ ಬೇರೆ ಮದ್ದು, ಹೊತ್ತು ಹೊತ್ತಿಗೆ ಮಾತ್ರೆ, ದೂರದ ಆಸ್ಪತ್ರೆಗೆ ಓಡಾಟ. ಆಮೇಲೆ ಅಮ್ಮನಿಂದ ಮುಚ್ಚಿಡುವುದು ಸಾಧ್ಯವೇ ಇರಲಿಲ್ಲ. ಬಸವೇಶನಿಗೆ ಕಾಯಿಲೆಗಿಂತ ಆ ಭಯವೇ ದೊಡ್ಡದು.

ಎಪ್ಪತ್ತು ದಾಟಿದ ಅಮ್ಮ ನೀಲಾಂಬಿಕೆ ಈ ವರ್ಷ ಮೈಕೈ ತುಂಬಿಕೊಂಡಿದ್ದರು. ಬಳೆಗಳು ಬಿಗಿಯಾಗಿದ್ದವು. ಕನಸುಗಳಂತೂ ಕೇಳುವುದೇ ಬೇಡ. ಮೊನ್ನೆ ಹುಲಿಯ ಮೇಲೆ ಕೂತು ಎನ್.ಆರ್.ಪುರದ ಸಂತೆಗೆ ಹೋಗಿ ಬದನೆಕಾಯಿ ಚೌಕಾಸಿ ಮಾಡಿ ಬಂದಿದ್ದರಂತೆ. ಹುಲಿಯೂ ಚೀಲ ಹಿಡಿದುಕೊಂಡಿತ್ತಂತೆ. ಇಂಥ ಜೀವಕ್ಕೆ ಸುದ್ದಿ ಹೇಳುವ ಧೈರ್ಯ ಮಗನಿಗಿರಲಿಲ್ಲ.

"ರಿಪೋರ್ಟ್ ಬಂದಿದೆ," ಎಂದರು ವನಮಾಲಾ. "ವೈರಸ್ ಒಂಚೂರೂ ಬದಲಾಗಿಲ್ಲ. ಈಗಿನ ಮಾತ್ರೆಯೇ ಸಾಕು."

ಬಸವೇಶನಿಗೆ ಹೋದ ಜೀವ ಬಂದಂತಾಯಿತು. "ಹಾಗಾದ್ರೆ ಪಾಸಾದೆ."

"ಅದೇ ತೊಂದರೆ ಮಾರಾಯ್ರೇ. ತೋಟದಲ್ಲಿ ಅರೆಬರೆ ಪಟಾಕಿ ಹೊಡೆದ್ರೆ ಮಂಗಗಳು ಹೆದರೋದು ಬಿಡ್ತಾವಲ್ಲ, ವೈರಸ್ಸೂ ಹಾಗೇ. ಮದ್ದು ಬಿಟ್ಟು ಬಿಟ್ಟು ಬಿದ್ರೆ ಅದರ ನಡುವೆಯೇ ಬದುಕೋದು ಕಲಿಯುತ್ತೆ. ನಿಮ್ಮದು ಏನೂ ಕಲಿತಿಲ್ಲ, ಆದ್ರೂ ಹೆಚ್ಚುತ್ತಾ ಇದೆ. ಅಂದ್ರೆ ಅದಕ್ಕೆ ಪಟಾಕಿ ಸದ್ದೇ ಕೇಳಿಲ್ಲ."

ದೀಕ್ಷಾ ಗಂಡನ ಕಡೆ ತಿರುಗಿದಳು. ಕಾಯಿಲೆಯ ಸುದ್ದಿ ಬಂದ ದಿನ ಜೊತೆಗೆ ನಿಂತವಳು, ಈಗ ಕಣ್ಣು ತುಂಬಿಕೊಂಡಳು.

"ನಾಲಿಗೆ ಅಡೀಲಿ ಇಟ್ಕೊಂಡು ಉಗಿದ್ರಾ?" ಎಂದು ಮೆಲ್ಲಗೆ ಕೇಳಿದಳು.

ಆ ಮಾತಿಗೆ ಬಸವೇಶನಿಗೆ ಅಳುವೇ ಬಂತು. ವನಮಾಲಾ ಎಷ್ಟೋ ಸುಳ್ಳುಗಾರರನ್ನು ಕಂಡಿದ್ದರು. ಇದು ಸುಳ್ಳುಗಾರನ ಅಳುವಲ್ಲ.

"ಮನೇಲಿ ಮಾತ್ರೆ ಎಲ್ಲಿಡ್ತೀರಿ?"

"ಮೊದ್ಲು ಅಂಗಡೀಲಿ ಇಡ್ತಿದ್ದೆ. ಕೆಲಸದವರು ನೋಡ್ತಾರೆ ಅಂತ ಈ ವರ್ಷದಿಂದ ಮನೆಗೆ ತಂದೆ. ಈ ಡಬ್ಬಿ ಕಂಡ್ರೆ ಅಮ್ಮ ಕೇಳ್ತಾರಲ್ಲ, ಅದಕ್ಕೆ ಅವರ ಖಾಲಿಯಾದ ಕ್ಯಾಲ್ಸಿಯಂ ಡಬ್ಬಿಗೆ ಸುರಿದು ಇಡ್ತೀನಿ. ಎರಡೂ ಬಿಳೀ ಮಾತ್ರೆ. ಕಪಾಟಿನಲ್ಲಿ ಅವರ ಡಬ್ಬಿ ಮುಂದೆ, ನಂದು ಹಿಂದೆ. ಯಾರಿಗೂ ಗೊತ್ತಾಗಲ್ಲ."

ಅಳುವಿನ ನಡುವೆಯೂ ಅವನ ದನಿಯಲ್ಲಿ ತುಸು ಹೆಮ್ಮೆಯಿತ್ತು. ಆ ಮದ್ದಿಗೆ ಕೆಲವರು ಮೈಕೈ ತುಂಬಿಕೊಳ್ಳುವುದುಂಟು, ಚಿತ್ರವಿಚಿತ್ರ ಕನಸು ಕಾಣುವುದುಂಟು; ಬಸವೇಶನಿಗೆ ಈ ವರ್ಷ ಎರಡೂ ಇರಲಿಲ್ಲ. ವನಮಾಲಾ ಪೆನ್ನು ಕೆಳಗಿಟ್ಟರು.

"ಅಮ್ಮನಿಗೆ ಫೋನ್ ಮಾಡಿ. ಕ್ಯಾಲ್ಸಿಯಂ ಇದೆಯಾ ಅಂತ ಮಾತ್ರ ಕೇಳಿ. ಸ್ಪೀಕರ್ ಹಾಕಿ."

ಬಸವೇಶ್ ಕೇಳಿದ.

"ಬೇಕಾದಷ್ಟಿದೆ ಮಗಾ," ಎಂದರು ನೀಲಾಂಬಿಕೆ. "ಯಾವಾಗ ನೋಡಿದ್ರೂ ಹಿಂದೆ ಒಂದು ಹಳೇ ಡಬ್ಬಿ ಉಳ್ಕೊಂಡಿರ್ತದೆ; ಹಳೇದು ಮೊದ್ಲು ಖರ್ಚಾಗ್ಲಿ ಅಂತ ತಿಂಗಳು ತಿಂಗಳೂ ಅದನ್ನ ಮುಂದೆ ತಂದು ನಾನು ನುಂಗ್ತೀನಿ, ಹೊಸದನ್ನ ಹಿಂದೆ ಇಡ್ತೀನಿ."